ಕೀರ್ದಿಯ ಮಗ್ಗುಲಲ್ಲಿ ಒಂದು ನೋಟುಬುಕ್ಕು



ನಮ್ಮ ಮನೆಗಳಲ್ಲಿ ಮಗನೋ ಮಗಳೋ, ಇಲ್ಲವೇ ಮನೆ ತುಂಬಿದ ಸೊಸೆಯೋ ಕಥೆ, ಕವಿತೆ, ಲೇಖನವೆಂದು ಬರೆಯತೊಡಗಿದರೆ ಹಿರಿಯರ ಬಾಯಿಂದ ಎರಡು ಮಾತು ತಪ್ಪದೆ ಬರುತ್ತವೆ. ಮೊದಲನೆಯದು, "ಇದರಿಂದ ಹೊಟ್ಟಿ ತುಂಬತದೇನು?" ಎರಡನೆಯದು, "ಮೊದಲು ಸಂಸಾರ ನೆಟ್ಟಗಾಗಲಿ, ಮಕ್ಕಳು ದೊಡ್ಡವರಾಗಲಿ, ಆಮ್ಯಾಲೆ ಬೇಕಾದಷ್ಟು ಬರೀಲಿ." ಮೊದಲ ಮಾತಿನಲ್ಲಿ ಸತ್ಯವುಂಟು. ಕನ್ನಡದಲ್ಲಿ ಬರವಣಿಗೆಯನ್ನೇ ನಂಬಿ ಸಂಸಾರ ಸಾಗಿಸಿದವರು ಬೆರಳೆಣಿಕೆಯ ಜನ. ಆದರೆ ಎರಡನೆಯ ಮಾತು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಈ ತಿಂಗಳು ಅದನ್ನೇ ವಿಚಾರ ಮಾಡೋಣ.

ವ್ಯಾಪಾರಸ್ಥರ ಮನೆಗೂ ಸಾಹಿತ್ಯಕ್ಕೂ ಏನು ಸಂಬಂಧ ಎನ್ನುವವರು ರನ್ನನನ್ನು ನೆನೆಯಬೇಕು. ಆತ ಮುದುವೊಳಲಿನ, ಅಂದರೆ ಇಂದಿನ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಈ ಕವಿ ಮನೆ ಬಿಟ್ಟು ಹೋದ ವಿರಾಗಿಯಲ್ಲ. ಜಕ್ಕಿ, ಶಾಂತಿ ಎಂಬ ಇಬ್ಬರು ಹೆಂಡಿರ ಗಂಡ, ಮಗ-ಮಗಳನ್ನು ಸಾಕಿದ ತಂದೆ. ತನಗೆ ಆಶ್ರಯವಿತ್ತ ಚಾವುಂಡರಾಯನ ನೆನಪಿಗೆ ಮಗನಿಗೆ ರಾಯನೆಂದೂ, ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಕಾವ್ಯದ ಋಣವನ್ನು ತೊಟ್ಟಿಲಲ್ಲೇ ಬರೆದಿಟ್ಟನೆನ್ನಬಹುದು.

ರನ್ನನಿಗಾದರೆ ದೊಡ್ಡವರ ಆಶ್ರಯವಿತ್ತು. ಅಂಥದೇನೂ ಇಲ್ಲದೆ, ಅಂಗಡಿಯ ಲಾಭ-ನಷ್ಟದ ನಡುವೆಯೇ ಬರೆದ ಒಬ್ಬ ವ್ಯಾಪಾರಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ಉತ್ತರದ ಕಡೆ ಆಗಿಹೋದ ಬನಾರಸೀದಾಸರ ಹೆಸರನ್ನು ನಮ್ಮವರಲ್ಲಿ ಅನೇಕರು ಶಾಸ್ತ್ರಸಭೆಯಲ್ಲಿ ಕೇಳಿರುತ್ತೀರಿ. ಅವರ ಬದುಕಿನ ಹಕೀಕತ್ತು ಗೊತ್ತಿದ್ದವರು ಕಡಿಮೆ.

ಅವರು 1586ರಲ್ಲಿ ಜೌನಪುರದಲ್ಲಿ ಹುಟ್ಟಿದರು. ಶ್ರೀಮಾಲ ಕುಲ, ತಂದೆ ಖರಗಸೇನರದು ಹರಳಿನ ವ್ಯಾಪಾರ. ಹುಡುಗನಿಗೆ ಓದಿನ ಹುಚ್ಚು. ವ್ಯಾಪಾರಿಯ ಮಗನಿಗೆ ಇಷ್ಟೊಂದು ಓದು ಸಲ್ಲದು, ಪೇಟೆಯಲ್ಲಿ ಕುಳಿತು ಕಸಬು ಕಲಿಯಬೇಕೆಂದು ಆಗಿನ ಹಿರಿಯರೂ ಬುದ್ಧಿ ಹೇಳಿದ್ದರು. ನಾನೂರು ವರ್ಷವಾದರೂ ನಮ್ಮ ಮಾತು ಬದಲಾಗಿಲ್ಲ ನೋಡಿ! ಹನ್ನೊಂದರ ಹೊತ್ತಿಗೆ ಮದುವೆ. ಹದಿಹರೆಯದಲ್ಲಿ ಶೃಂಗಾರದ ಸಾವಿರ ಪದ್ಯ ಬರೆದರು. ಮುಂದೆ ಅದೆಲ್ಲ ಸುಳ್ಳೆನಿಸಿ, ಆ ಪುಸ್ತಕವನ್ನು ತಾವೇ ಗೋಮತಿ ನದಿಗೆ ಎಸೆದರು.

ಸುಮಾರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ತಂದೆ ಹರಳು, ತುಪ್ಪ, ಎಣ್ಣೆ, ಬಟ್ಟೆ ಕೊಟ್ಟು ಆಗ್ರಾಕ್ಕೆ ಕಳಿಸಿದರು. ಹೊಸ ಊರು, ಹೊಸ ಗಿರಾಕಿ. ಕಟ್ಟಿಕೊಂಡಿದ್ದ ಹರಳು ಕಳೆದುಹೋಯಿತು, ಮಾಲು ನಷ್ಟಕ್ಕೆ ಹೋಯಿತು, ಕೈ ಖಾಲಿಯಾಯಿತು. ಪೇಟೆಗೆ ಮುಖ ತೋರಿಸಲಾರದೆ ಮನೆಯಲ್ಲಿ ಕುಳಿತು ರಾತ್ರಿ ಹೊತ್ತು ಮಧುಮಾಲತಿ, ಮೃಗಾವತಿ ಎಂಬ ಕಥಾಕಾವ್ಯಗಳನ್ನು ಓದುತ್ತಿದ್ದರು. ಕೇಳಲು ಹತ್ತಿಪ್ಪತ್ತು ಜನ ಸೇರುತ್ತಿದ್ದರು. ಅವರಲ್ಲಿ ಒಬ್ಬ ಕಚೋರಿ ಮಾರುವವನು. ಅವನ ಹತ್ತಿರ ಉದರಿಯಲ್ಲಿ ಕಚೋರಿ ತಿಂದು ಇವರು ತಿಂಗಳುಗಟ್ಟಲೆ ದಿನ ನೂಕಿದರು. ತಮ್ಮ ಕೈಯಲ್ಲಿ ಕಾಸಿಲ್ಲವೆಂದು ಒಪ್ಪಿಕೊಂಡರೂ ಆ ಪುಣ್ಯಾತ್ಮ ಉದರಿ ನಿಲ್ಲಿಸಲಿಲ್ಲ. ಮುಂದೆ ಹಣ ಬಂದಾಗ ಇವರು ಬಾಕಿ ಚುಕ್ತಾ ಮಾಡಿದರು.

ಇದಕ್ಕಿಂತ ನಮ್ಮ ಮನಸ್ಸು ಮುಟ್ಟುವ ಪ್ರಸಂಗ ಇನ್ನೊಂದಿದೆ. ಬರಿಗೈಯಲ್ಲಿ ಖೈರಾಬಾದಿನ ಮಾವನ ಮನೆಗೆ ಬಂದ ಗಂಡನ ಸ್ಥಿತಿಯನ್ನು ಹೆಂಡತಿ ಅರಿತುಕೊಂಡಳು. ಹಂಗಿಸಲಿಲ್ಲ. ತಾನು ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿಯನ್ನು ಗುಟ್ಟಾಗಿ ಕೈಗಿಟ್ಟಳು. ತಾಯಿಯ ಕಿವಿಗೂ ಹಾಕಿ, ಅವರಿಂದ ಇನ್ನೂರು ರೂಪಾಯಿ ಕೊಡಿಸಿದಳು. ಆ ಬಂಡವಾಳದಿಂದ ಮತ್ತೆ ವ್ಯಾಪಾರ ನಡೆಯಿತು, ಅದರ ಜೊತೆಗೇ ಪದ್ಯರಚನೆಯೂ ನಡೆಯಿತು. ಆ ತಾಯಿಯ ಹೆಸರು ಯಾವ ಪುಸ್ತಕದ ಮುಖಪುಟದ ಮೇಲೂ ಇಲ್ಲ. ಆದರೆ ಅವಳ ಇಪ್ಪತ್ತು ರೂಪಾಯಿಯನ್ನು ಬನಾರಸೀದಾಸರು ಮರೆಯದೆ ಬರೆದಿಟ್ಟಿದ್ದಾರೆ.

ಸಂಸಾರವೂ ಅವರಿಗೆ ಸುಖದ್ದಾಗಿರಲಿಲ್ಲ. ಮೂರು ಮದುವೆ, ಏಳು ಗಂಡು ಎರಡು ಹೆಣ್ಣು, ಒಟ್ಟು ಒಂಬತ್ತು ಮಕ್ಕಳು. ಒಂದೂ ಉಳಿಯಲಿಲ್ಲ. ಇಂಥ ದುಃಖದ ನಡುವೆಯೂ 1636ರಲ್ಲಿ ಅವರು ಸಮಯಸಾರ ನಾಟಕವನ್ನು ಮುಗಿಸಿದರು. ಅದರ ಮೂಲ ಕುಂದಕುಂದಾಚಾರ್ಯರ ಸಮಯಸಾರ. ಆಚಾರ್ಯರ ಹೆಸರಿಗೆ ಕಾರಣವಾದ ಕೊಂಡಕುಂದೆಯನ್ನು ವಿದ್ವಾಂಸರು ಅನಂತಪುರ ಜಿಲ್ಲೆಯ ಕೋನಕೊಂಡ್ಲ ಎಂದು ಗುರುತಿಸುತ್ತಾರೆ. ರಾಯದುರ್ಗ, ಆದೋನಿಯ ನಮ್ಮ ಬಂಧುಗಳಿಗೆ ಅದು ಮಗ್ಗುಲ ಊರು. ದಕ್ಷಿಣದ ಆಚಾರ್ಯರ ಗ್ರಂಥವನ್ನು ಆಗ್ರಾದ ವ್ಯಾಪಾರಿ ಜನರ ಮಾತಿಗೆ ತಂದನೆಂದರೆ ಸಣ್ಣ ಸಂಗತಿಯೇ? 1641ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ತಮ್ಮ ಬದುಕಿನ ಜಮಾ-ಖರ್ಚನ್ನೆಲ್ಲ ಮುಚ್ಚುಮರೆಯಿಲ್ಲದೆ 675 ಪದ್ಯಗಳಲ್ಲಿ ಬರೆದರು. ಮನುಷ್ಯನ ಆಯುಸ್ಸು ನೂರಹತ್ತು ವರ್ಷವೆಂದು ಹಿಡಿದು, ಇದು ಅರ್ಧ ಕಥೆಯೆಂದು 'ಅರ್ಧಕಥಾನಕ' ಎಂದು ಹೆಸರಿಟ್ಟರು. ನಮ್ಮ ದೇಶಭಾಷೆಗಳ ಮೊದಲ ಆತ್ಮಕಥೆ ಇದೇ ಎಂದು ಹೇಳುವ ವಿದ್ವಾಂಸರಿದ್ದಾರೆ. ನಷ್ಟ ತೀರಲಿ, ಸಂಸಾರ ಸುಧಾರಿಸಲಿ ಎಂದು ಅವರು ಕಾದಿದ್ದರೆ ಇದರಲ್ಲಿ ಒಂದೂ ನಮಗೆ ದಕ್ಕುತ್ತಿರಲಿಲ್ಲ.

ಗಂಡಸರ ಮಾತು ಬೇರೆ, ಮಕ್ಕಳನ್ನು ಹೊತ್ತು ಹೆತ್ತು ಸಾಕುವ ಹೆಣ್ಣುಮಕ್ಕಳು ಏನು ಮಾಡಬೇಕು ಎಂದು ಅಕ್ಕ-ತಂಗಿಯರು ಕೇಳಬಹುದು. ಕೇಳಬೇಕಾದ್ದೇ.

ನಮ್ಮಂತೆ ಗಡಿಯವರೇ ಆದ ಸಾರಾ ಅಬೂಬಕ್ಕರ್ ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಶಾಲೆ ಮುಗಿಯುತ್ತಲೇ ಮದುವೆ, ನಾಲ್ವರು ಗಂಡುಮಕ್ಕಳು. ಅವರ ಮೊದಲ ಲೇಖನ 'ಲಂಕೇಶ್ ಪತ್ರಿಕೆ'ಯಲ್ಲಿ ಅಚ್ಚಾದದ್ದು 1981ರಲ್ಲಿ, ವಯಸ್ಸು ನಲವತ್ತೈದರ ಆಸುಪಾಸಿಗೆ ಬಂದಾಗ. ಆಮೇಲೆ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಅವರ ಹೆಸರನ್ನು ಮನೆಮಾತಾಗಿಸಿತು. "ನೋಡಿರಿ, ಮಕ್ಕಳು ದೊಡ್ಡವರಾದ ಮೇಲೇ ಬರೆದರಲ್ಲ" ಎಂದು ಹಿರಿಯರು ಇದನ್ನು ತಮ್ಮ ಕಡೆಯ ಸಾಕ್ಷಿ ಮಾಡಿಕೊಳ್ಳಬಹುದು.

ಹಾಗಾದರೆ ತ್ರಿವೇಣಿಯವರನ್ನೂ ನೆನೆಯಿರಿ. ಹುಟ್ಟಿದ್ದು 1928ರಲ್ಲಿ, ಮೊದಲ ಕಾದಂಬರಿ 'ಅಪಸ್ವರ' ಬಂದದ್ದು 1953ರಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದರು. 1963ರ ಜುಲೈಯಲ್ಲಿ, ಮಗಳು ಹುಟ್ಟಿ ಹತ್ತೇ ದಿನಕ್ಕೆ ತೀರಿಕೊಂಡರು. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಮಕ್ಕಳು ದೊಡ್ಡವರಾಗಲಿ, ಆಮೇಲೆ ಬರೆ ಎಂದು ಯಾರಾದರೂ ಅವರ ಕೈ ಹಿಡಿದಿದ್ದರೆ ಕನ್ನಡಕ್ಕೆ 'ಬೆಳ್ಳಿಮೋಡ' ಇರುತ್ತಿರಲಿಲ್ಲ, 'ಶರಪಂಜರ'ವೂ ಇರುತ್ತಿರಲಿಲ್ಲ. ಆಯುಸ್ಸಿನ ಖಾತೆಯಲ್ಲಿ ಶಿಲ್ಕು ಎಷ್ಟಿದೆಯೆಂದು ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ಇನ್ನೊಬ್ಬರಿಗೆ ವಾಯಿದೆ ಹಾಕುವ ಅಧಿಕಾರ ನಮಗೆಲ್ಲಿಯದು?

ಅಂಗಡಿ ಬಾಗಿಲು ಹಾಕಿ ಬರೆಯಲು ಕೂಡಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಗೃಹಸ್ಥನಾದವನು ಮನೆಯವರ ಅನ್ನಕ್ಕೆ ಮೊದಲು ದಾರಿ ಮಾಡಬೇಕು. ಮಕ್ಕಳ ಫೀಸು ಬಾಕಿಯಿಟ್ಟು ಸ್ವಂತ ಹಣದಿಂದ ಪುಸ್ತಕ ಅಚ್ಚು ಹಾಕಿಸುವುದು ಜಾಣತನವಲ್ಲ. ಬರವಣಿಗೆಯನ್ನು ಉದ್ಯೋಗವಾಗಿ ಬೆಳೆಸಬೇಕೆನ್ನುವವರು ಅದನ್ನು ಹೊಸ ಅಂಗಡಿಯಂತೆ ಬೆಳೆಸಬೇಕು. ಹಳೆಯ ಅಂಗಡಿಯ ಗಳಿಕೆಯಲ್ಲಿ ಮನೆ ನಡೆಯುತ್ತಿರಲಿ, ಹೊಸದು ನಿಧಾನವಾಗಿ ಬೇರು ಬಿಡಲಿ.

ವ್ಯಾಪಾರದಲ್ಲಿ ಕಲಿತ ಶಿಸ್ತು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ರೋಜಕೀರ್ದಿಯನ್ನು ಮನಸ್ಸು ಬಂದಾಗ ಬರೆಯುತ್ತೇವೆಯೇ? ದಿನಕ್ಕೆ ಒಂದೇ ಪುಟ ಬರೆದರೂ ವರ್ಷಕ್ಕೆ 365 ಪುಟ, ಒಂದು ದೊಡ್ಡ ಕಾದಂಬರಿ! ಹೊತ್ತೂ ನಮ್ಮಲ್ಲಿ ಇದೆ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಪದ್ಧತಿ ಉಳಿದಿರುವ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಒಲೆ ಆರಿರುತ್ತದೆ. ಪಾತ್ರೆ ತೊಳೆಯುವುದನ್ನೂ ಮಕ್ಕಳ ಪಾಠವನ್ನೂ ಗಂಡಸರು ಅರ್ಧ ಹಂಚಿಕೊಂಡರೆ ಸೊಸೆಗೆ ನಿಶ್ಚಿಂತೆಯ ಒಂದು ತಾಸು ಸಿಗುತ್ತದೆ. ಟಿ.ವಿ.ಗೂ ಮೊಬೈಲಿಗೂ ಹೋಗುವ ಆ ತಾಸನ್ನು ಅವಳ ಹೆಸರಿಗೆ ಜಮಾ ಮಾಡಿರಿ. ಮೆಟ್ರಿಕ್ ಮುಗಿಸಿ ತಕ್ಕಡಿ ಹಿಡಿದ ನಾವು ಈ ಅಂಕಣವನ್ನು ಬರೆಯುವುದೂ ಅಂಗಡಿಯ ಲೆಕ್ಕ ಮುಗಿದ ಮೇಲೆಯೇ. ಆ ಹೊತ್ತಿನಲ್ಲಿ ಮನೆಯವರು ನಮ್ಮನ್ನು ಮಾತಾಡಿಸುವುದಿಲ್ಲ. ಅದು ಅವರ ಉಪಕಾರ.

ಗಡಿಯಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಲಾಭವೂ ಉಂಟು. ಅಕ್ಕಲಕೋಟ, ಜತ್ತ, ಸೊಲ್ಲಾಪುರದ ನಮ್ಮ ಎಷ್ಟೋ ಮಕ್ಕಳು ಮರಾಠಿ, ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಆದೋನಿಯ ಕಡೆ ತೆಲುಗು. ಕನ್ನಡ ಅವರ ಕಿವಿಯಲ್ಲಿದೆ, ಕಣ್ಣಿಗೆ ಬೀಳುವುದಿಲ್ಲ. ತಾಯಿಯೋ ಅಜ್ಜನೋ ದಿನವೂ ಕನ್ನಡದಲ್ಲಿ ಬರೆಯುವುದನ್ನು ಕಂಡ ಮಗು "ಅವ್ವಾ, ಇದು ಯಾವ ಅಕ್ಷರ?" ಎಂದು ಕೇಳಿಯೇ ಕೇಳುತ್ತದೆ. ಬರೆಯುವವರ ಕೈಯಿಂದ ಪೆನ್ನು ಕಸಿದರೆ ಆ ಪ್ರಶ್ನೆಯೂ ಮನೆಯಿಂದ ಹೋಗುತ್ತದೆ.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಅಷ್ಟು ದೊಡ್ಡ ಶಾಸ್ತ್ರದಾನ ನಮ್ಮಿಂದಾಗದು. ಆದರೆ ಮನೆಯಲ್ಲಿ ಬರೆಯುವವರಿಗೆ ದಿನಕ್ಕೊಂದು ತಾಸು, ಒಂದು ಮೇಜು, ಒಂದು ನೋಟುಬುಕ್ಕು ಕೊಡುವುದು ಯಾರಿಗೂ ಭಾರವಲ್ಲ. ಈ ದೀಪಾವಳಿಗೆ ಹೊಸ ಕೀರ್ದಿ ಕೊಳ್ಳುವಾಗ ಮಗ್ಗುಲಲ್ಲಿ ಆ ನೋಟುಬುಕ್ಕನ್ನೂ ಇಟ್ಟು ಪೂಜೆ ಮಾಡಿರಿ. ವರ್ಷದೊಳಗೆ ಅದರಲ್ಲಿ ಬರೆದದ್ದರಲ್ಲಿ ಒಳ್ಳೆಯದೊಂದನ್ನು ನಮ್ಮ ಮಾಸಿಕದ ಸಂಪಾದಕರಿಗೆ ಕಳಿಸಿರಿ. ಓದಲು ನಾವು ಕಾದಿರುತ್ತೇವೆ.