ಕತ್ತು ನಿಂತಿದೆಯಾ ಅಂತ ಕೇಳಿ, ಆಮೇಲೆ ಎತ್ಕೊಳ್ಳಿ

ಹೋದ ತಿಂಗಳು ತರೀಕೆರೆಯಲ್ಲಿ ಫ್ರೆಂಡ್ ಅಕ್ಕನ ಮಗುವಿನ ನಾಮಕರಣ. ಎರಡು ತಿಂಗಳ ಪಾಪು. ರೀಲ್ಸ್ ಮಾಡೋ ಹುಮ್ಮಸ್ಸಲ್ಲಿ ಕಂಕುಳಿಗೆ ಕೈ ಹಾಕಿ ನೇರ ಮೇಲಕ್ಕೆ ಎತ್ತಿಬಿಟ್ಟೆ. ತಲೆ ಹಿಂದಕ್ಕೆ ವಾಲಿತು. ಪಕ್ಕದಲ್ಲಿದ್ದ ಅಜ್ಜಿ ಮೊದಲು ಅಂಗೈ ಕೊಟ್ಟು ತಲೆ ಹಿಡಿದರು, ಆಮೇಲೆ ಬೈದರು: "ಇನ್ನೂ ಕತ್ತು ನಿಂತಿಲ್ಲ, ಕಾಣಲ್ವೇನೋ?" ಮಗುವಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ರೀಲ್ ಡಿಲೀಟ್ ಮಾಡಿದೆ.

ನಮ್ಮ ಬ್ಯಾಚಲ್ಲಿ ಎಷ್ಟೋ ಜನ ಆಗಲೇ ಮಾಮ, ಚಿಕ್ಕಪ್ಪ, ಅತ್ತೆ, ಚಿಕ್ಕಮ್ಮ ಆಗಿದ್ದೀರಿ. ಫೋಟೋಗೆ ಮಗು ಎತ್ಕೊಳ್ಳೋಕೆ ಮೊದಲು ಓಡೋರೂ ನೀವೇ. ಕತ್ತು ನಿಲ್ಲೋ ವಿಷಯ ಅಮ್ಮ, ಅಜ್ಜಿಯರಿಗೆ ಗೊತ್ತಿದ್ರೆ ಸಾಕು ಅಂತ ಬಿಟ್ಟಿದ್ದೀವಲ್ಲ, ಅದು ತಪ್ಪು ಅಂತ ನನ್ನ ವಾದ. ಎತ್ಕೊಳ್ಳೋ ಕೈ ಯಾರದೋ, ಅವರಿಗೆ ಗೊತ್ತಿರಬೇಕು.

ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ನಿಮಗೆಲ್ಲ ಗೊತ್ತು. ಕರು ಹುಟ್ಟಿದ ಒಂದೆರಡು ಗಂಟೆಯಲ್ಲೇ ಎದ್ದು ನಿಂತು ಕೆಚ್ಚಲು ಹುಡುಕುತ್ತೆ. ನಾವು ಹಾಗಲ್ಲ. ಹುಟ್ಟಿದಾಗ ನಮ್ಮ ಉದ್ದದಲ್ಲಿ ಸುಮಾರು ಕಾಲು ಭಾಗ ತಲೆಯೇ ಇರುತ್ತೆ. ಅಷ್ಟು ಭಾರ ಹೊರೋ ಶಕ್ತಿ ಕತ್ತಿನ ಸ್ನಾಯುಗಳಿಗೆ ಆಗ ಇರಲ್ಲ. ಹಿಡಿತ ಮೇಲಿಂದ ಕೆಳಕ್ಕೆ ಬರೋದು: ಮೊದಲು ತಲೆ, ಆಮೇಲೆ ಬೆನ್ನು, ಕೊನೆಗೆ ಕಾಲು. ಕತ್ತು ನಿಲ್ಲದೆ ಮಗು ಕೂರಲ್ಲ. ಆದ್ರೂ ನೋಡಿ, ಮಗುಚಿಕೊಂಡ್ರೆ ಮನೇಲಿ ಸಿಹಿ, ಹೊಸ್ತಿಲು ದಾಟಿದ್ರೆ ಸಿಹಿ. ಕತ್ತು ನಿಂತಿದ್ದಕ್ಕೆ ಒಂದು ಚಮಚ ಪಾಯಸವೂ ಇಲ್ಲ!

ಲೆಕ್ಕ ಹೀಗೆ. ಒಂದು ತಿಂಗಳ ಹೊತ್ತಿಗೆ ಬೋರಲು ಮಲಗಿಸಿದ್ರೆ ಒಂದು ಗಳಿಗೆ ತಲೆ ಎತ್ತಿ ಮತ್ತೆ ಇಳಿಸುತ್ತೆ. ಎರಡು ತಿಂಗಳಿಗೆ ಬೋರಲಲ್ಲಿ ಸ್ವಲ್ಪ ಹೊತ್ತು ಎತ್ತಿ ಹಿಡಿಯುತ್ತೆ. ನಾಲ್ಕು ತಿಂಗಳ ಸುಮಾರಿಗೆ, ಎತ್ಕೊಂಡಾಗ ನಮ್ಮ ಕೈ ಆಸರೆ ಇಲ್ಲದೆಯೂ ತಲೆ ಅಲ್ಲಾಡದೆ ನಿಲ್ಲಬೇಕು. ಅಲ್ಲಿವರೆಗೆ ಒಂದು ಕೈ ತಲೆ-ಕತ್ತಿನ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಗಾಳಿಗೆ ಎಸೆದು ಹಿಡಿಯೋ ಆಟ ಬೇಡವೇ ಬೇಡ. ಅಳು ನಿಲ್ಲಲ್ಲ ಅಂತ ಜೋರಾಗಿ ಅಲ್ಲಾಡಿಸೋದಂತೂ ಯಾವ ವಯಸ್ಸಿಗೂ ಬೇಡ. ತಲೆಯೊಳಗೆ ಮಿದುಳು ಹಿಂದೆ ಮುಂದೆ ಬಡಿದು ರಕ್ತನಾಳ ಹರಿಯಬಹುದು, ಹೊರಗೆ ಒಂದು ಗಾಯವೂ ಕಾಣಲ್ಲ. ಕಡೂರಿಂದ ಬೀರೂರಿಗೆ ಹತ್ತೇ ನಿಮಿಷ ಅಂತ ಎಳೆಗೂಸನ್ನ ಬೈಕಲ್ಲಿ ಕೂರಿಸ್ಕೊಂಡು ಹೋಗೋರೇ, ಪ್ರತಿ ಹಂಪಿಗೂ ಆ ತಲೆ ಏನಾಗುತ್ತೆ ಅಂತ ಒಂದ್ಸಲ ಯೋಚಿಸಿ.

ಇನ್ನು ಬಾಣಂತನದ ವಿಷಯ. ಇಲ್ಲಿ ನನ್ನ ಕೆಲವು ಫ್ರೆಂಡ್ಸ್ ಜೊತೆ ಜಗಳ ಇದೆ. "ಅಜ್ಜಿಯರದ್ದೆಲ್ಲ ಮೂಢನಂಬಿಕೆ" ಅಂತಾರೆ. ಅಲ್ಲ ಕಣ್ರೋ. ನೀರು ಹಾಕೋ ಅಜ್ಜಿ ಕಾಲು ಚಾಚಿ ಕೂತು, ಮಗುನ ಕಾಲ ಮೇಲೆ ಬೋರಲು ಹಾಕಿ ಬೆನ್ನಿಗೆ ಎಣ್ಣೆ ಹಚ್ತಾರಲ್ಲ, ಆಗ ಮಗು ತಲೆ ಎತ್ತೋಕೆ ನೋಡುತ್ತೆ. ಈಗ ಮಕ್ಕಳ ಡಾಕ್ಟರು "ಟಮ್ಮಿ ಟೈಮ್" ಅಂತ ಹೇಳೋದೂ ಹೆಚ್ಚುಕಮ್ಮಿ ಅದನ್ನೇ. ಆದ್ರೆ ಅದೇ ಸ್ನಾನದ ಕೊನೆಗೆ ಕೈ ಕಾಲು ಹಿಡಿದು ಜೋಲಾಡಿಸೋದು, ಕತ್ತು ಎಳೆಯೋದು, ತಲೆ ದುಂಡಗಾಗಲಿ ಅಂತ ಒತ್ತೋದು ಬಿಡಲೇಬೇಕು. ಎಳೆದರೆ ಕತ್ತು ಬೇಗ ನಿಲ್ಲಲ್ಲ. ದಿನಕ್ಕೆ ನಾಲ್ಕಾರು ಸಲ, ಎಚ್ಚರ ಇದ್ದಾಗ, ಒಂದೆರಡು ನಿಮಿಷ ಚಾಪೆ ಮೇಲೆ ಬೋರಲು ಹಾಕಿ, ನೀವೂ ಎದುರಿಗೆ ನೆಲದ ಮೇಲೆ ಮಲಗಿ ಮಾತಾಡಿಸಿ. ಚಿಕ್ಕಪ್ಪಂದಿರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ನಿದ್ದೆಗೆ ಮಾತ್ರ ಅಂಗಾತವೇ. ಇಡೀ ದಿನ ಸೀರೆ ಜೋಲಿಯಲ್ಲೇ ಇದ್ರೆ ಕತ್ತಿಗೆ ಕೆಲಸವೇ ಸಿಗಲ್ಲ.

ನನಗೆ ಜಾಸ್ತಿ ಸಿಟ್ಟು ಬರೋದು ಒಂದು ಮಾತಿಗೆ: "ಬಿಡು, ಅವರಪ್ಪಂಗೂ ಲೇಟಾಗೇ ನಿಂತಿದ್ದು." ಮಕ್ಕಳಲ್ಲಿ ಒಂದಷ್ಟು ಹಿಂದೆ ಮುಂದೆ ಆಗೋದು ನಿಜ. ತಿಂಗಳು ತುಂಬೋ ಮೊದಲೇ ಹುಟ್ಟಿದ್ರೆ ಲೆಕ್ಕವೂ ಬೇರೆ: ಒಂದು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ನಾಲ್ಕು ತಿಂಗಳಾದಾಗ ಮೂರು ಅಂತಲೇ ಎಣಿಸಬೇಕು. ಆದ್ರೆ ನಾಲ್ಕು ತುಂಬಿದ್ರೂ ತಲೆ ವಾಲ್ತಾನೇ ಇದ್ರೆ, ಮೈ ಬಟ್ಟೆ ಥರ ಸಡಿಲ ಅಥವಾ ಕೋಲಿನ ಥರ ಬಿಗಿ ಇದ್ರೆ, ಕತ್ತು ಯಾವಾಗಲೂ ಒಂದೇ ಕಡೆ ತಿರುಗಿದ್ರೆ ಕಾಯಬೇಡಿ. ಏನೂ ಇಲ್ಲ ಅಂದ್ರೆ ಬಸ್ ಚಾರ್ಜ್ ಹೋಯ್ತು ಅಷ್ಟೇ. ಏನಾದ್ರೂ ಇದ್ರೆ, ಫಿಸಿಯೋಥೆರಪಿ ಬೇಗ ಶುರುವಾದಷ್ಟೂ ಒಳ್ಳೇದು. ತಾಯಿಯನ್ನ ದೂರೋದಂತೂ ಬೇಡ, ಅವಳು ಆಗಲೇ ಹೆದರಿರ್ತಾಳೆ.

ಇದಕ್ಕೆ ದೊಡ್ಡ ಊರಿಗೆ ಓಡಬೇಕಿಲ್ಲ. 14 ವಾರಕ್ಕೆ ಹೇಗೂ ಇಂಜೆಕ್ಷನ್‌ಗೆ ಹೋಗ್ತೀರಿ, ಅಂದ್ರೆ ಮೂರು ತಿಂಗಳು ದಾಟಿರುತ್ತೆ. ಅಲ್ಲೇ ಸಿಸ್ಟರ್ ಹತ್ರ "ಕತ್ತು ಸರಿಯಾಗಿ ನಿಲ್ತಿದೆಯಾ ನೋಡಿ" ಅಂತ ಕೇಳಿ. ತಾಯಿ ಕಾರ್ಡನ್ನೂ ಒಂದ್ಸಲ ಪೂರ್ತಿ ತಿರುವಿ ಹಾಕಿ, ಅದು ಬರೀ ಇಂಜೆಕ್ಷನ್ ತಾರೀಖು ಬರೆಯೋಕಲ್ಲ. ಮನೆಗೆ ಬರೋ ಆಶಾ ಅಕ್ಕನ ಹತ್ರ ಹೇಳಿ. ಕಡೂರಲ್ಲೂ ತರೀಕೆರೆಯಲ್ಲೂ ತಾಲ್ಲೂಕು ಆಸ್ಪತ್ರೆ ಇದೆ, ಮಕ್ಕಳ ಡಾಕ್ಟರು ಯಾವ ದಿನ ಸಿಗ್ತಾರೆ ಅಂತ ಕೇಳ್ಕೊಂಡು ಹೋಗಿ.

ಆ ಪಾಪುಗೆ ಈಗ ಮೂರು ತಿಂಗಳು. ಮೊನ್ನೆ ಹೋದಾಗ ಚಾಪೆ ಮೇಲೆ ಎದುರಿಗೆ ಮಲಗಿದ್ದೆ. ತಲೆ ಎತ್ತಿ ನನ್ನನ್ನೇ ನೋಡಿ, ಜೊಲ್ಲು ಸುರಿಸಿ, ಮತ್ತೆ ಮಲಗಿತು. ಎರಡನೇ ಸ್ಲೈಡಲ್ಲಿರೋ ಫೋಟೋ ಅದೇ ಚಾಪೆದು. ಪಾಪು ಮುಖ ಹಾಕಿಲ್ಲ, ಅವರಮ್ಮ ಬೇಡ ಅಂದರು.

#ಕಡೂರು #ತರೀಕೆರೆ #ಅಜ್ಜಂಪುರ #ಉದ್ದಕ್ಯಾಪ್ಷನ್