ಲೋಕಾರ್ಪಣೆಗೆ ಮೊದಲು ಅವರ ಕೈಗೆ ಕೊಡಿ

ಪ್ರಧಾನ ಕಾರ್ಯದರ್ಶಿಯವರಿಗೆ,
ಇ-ಆಡಳಿತ, ಕರ್ನಾಟಕ ಸರ್ಕಾರ

ಮಾನ್ಯರೇ,

ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ, ಹೀಗೆ ಒಂದೊಂದೇ ಸೇವೆ ಜಾಲತಾಣಕ್ಕೆ ಬಂದಿದೆ. 2011ರ ಜನಗಣತಿಯ ಲೆಕ್ಕದಲ್ಲೇ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರಲ್ಲಿ ಕೆಲವರು ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ಕೇಳಿಸಿಕೊಂಡು, ಕೆಲವರು ಅಕ್ಷರ ಹಿಗ್ಗಿಸಿಕೊಂಡು, ಇನ್ನು ಕೆಲವರು ಮೌಸ್ ಮುಟ್ಟದೆ ಬರೀ ಕೀಬೋರ್ಡಿನಿಂದ ಕೆಲಸ ಮಾಡುತ್ತಾರೆ. ಅವರ ಪಕ್ಕ ಕೂತು, ತಾಣ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಗುರುತು ಹಾಕಿಕೊಳ್ಳುವುದು ನನ್ನ ಉದ್ಯೋಗ. ತಮ್ಮಲ್ಲಿ ನನ್ನದು ಒಂದೇ ಕೋರಿಕೆ: ಇಂಥ ಬಳಕೆದಾರರು ತಾವೇ ಬಳಸಿ ನೋಡುವವರೆಗೆ ಯಾವ ಸರ್ಕಾರಿ ತಾಣವನ್ನೂ ಆ್ಯಪನ್ನೂ ಲೋಕಾರ್ಪಣೆ ಮಾಡಬೇಡಿ.

"ತಪಾಸಣೆ ಆಗಿದೆ, ವರದಿಯೂ ಇದೆ" ಎಂಬ ಉತ್ತರ ಬರಬಹುದು. ಆದರೆ ತಂತ್ರಾಂಶವೊಂದು ಪುಟಗಳನ್ನು ಜಾಲಾಡಿ ತಾನಾಗಿ ಕೊಡುವ ವರದಿಯನ್ನೇ ಎಷ್ಟೋ ಸಲ ತಪಾಸಣೆ ಎಂದು ಕಡತಕ್ಕೆ ಸೇರಿಸಲಾಗುತ್ತದೆ. ಅದು ಹೇಗೆ ಏಮಾರುತ್ತದೆ ನೋಡಿ. ಪದವಿ ಓದುತ್ತಿರುವ ಅಂಧ ವಿದ್ಯಾರ್ಥಿನಿಯೊಬ್ಬಳು ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು ಅರ್ಜಿಯೊಂದನ್ನು ತುಂಬುತ್ತಿದ್ದಳು. ಟ್ಯಾಬ್ ಒತ್ತಿದಳು. "ಟೆಕ್ಸ್ಟ್‌ಬಾಕ್ಸ್ 3, ಎಡಿಟ್, ಬ್ಲ್ಯಾಂಕ್" ಎಂದಿತು ದನಿ. ಅಲ್ಲಿ ಬರೆಯಬೇಕಾದದ್ದು ತಂದೆಯ ಹೆಸರೋ, ಬ್ಯಾಂಕ್ ಖಾತೆಯ ಸಂಖ್ಯೆಯೋ? ತಪಾಸಣೆಯ ತಂತ್ರಾಂಶಕ್ಕೆ ಆ ಅಂಕಣಕ್ಕೊಂದು ಹೆಸರಿದ್ದರೆ ಸಾಕು, ಪಾಸು. ಆ ಹೆಸರಿಗೆ ಅರ್ಥವಿದೆಯೇ ಎಂದು ಅದು ಕೇಳುವುದಿಲ್ಲ. ಅವಳು ಅಂದಾಜಿನ ಮೇಲೆ ತುಂಬಿ ಸಲ್ಲಿಸಿದಳು. ಪುಟದ ಮೇಲ್ಭಾಗದಲ್ಲಿ ಕೆಂಪಕ್ಷರದಲ್ಲಿ ತಪ್ಪುಗಳ ಪಟ್ಟಿ ಮೂಡಿತು. ಸ್ಕ್ರೀನ್ ರೀಡರ್ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಅರ್ಜಿ ಹೋಯಿತೋ ಇಲ್ಲವೋ ತಿಳಿಯದೆ ಕಾಯುತ್ತಾ ಕೂತಳು. ಅಷ್ಟರಲ್ಲಿ ಸಮಯ ಮೀರಿ, ಬರೆದದ್ದೆಲ್ಲ ಅಳಿಸಿಹೋಯಿತು.

ಇದು ಒಬ್ಬಳ ಪಾಡಲ್ಲ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 32 ಅಂಧ ಬಳಕೆದಾರರಿಂದ 16 ಜಾಲತಾಣಗಳನ್ನು ಬಳಸಿ ನೋಡಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಕ್ಕ ತೊಡಕುಗಳು 1,383. ಅವುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಆಗಿನ ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯುಸಿಎಜಿ 2.0ರ ವ್ಯಾಪ್ತಿಗೆ ಬರುತ್ತಿದ್ದವು. ಮಾನದಂಡ ಬೇಕೇ ಬೇಕು. ಆದರೆ ಉಳಿದರ್ಧವನ್ನು ಬಳಸುವವರೇ ತೋರಿಸಿಕೊಡಬೇಕು.

ಕನ್ನಡಕ್ಕೆ ಅದರದೇ ತೊಡಕುಗಳಿವೆ. ಪುಟ ಕನ್ನಡದಲ್ಲಿದ್ದರೂ ಕೋಡಿನಲ್ಲಿ ಭಾಷೆ ಇಂಗ್ಲಿಷ್ ಎಂದು ನಮೂದಾಗಿದ್ದರೆ, ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ತಡವರಿಸಬಹುದು, ಸಾಲುಗಳನ್ನೇ ನುಂಗಬಹುದು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಾದ ಆದೇಶ ಕಣ್ಣಿಗೆ ಕನ್ನಡ, ಕಿವಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಅಂಧರ ಪಾಲಿಗೆ ಖಾಲಿ ಹಾಳೆ.

ಕಾನೂನು ತಮ್ಮ ಕೈಯಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಅವರಿಗೂ ಎಟುಕುವಂತೆ ಮಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದಿತು. ಗ್ರಾಹಕರ ಗುರುತನ್ನು ಆನ್‌ಲೈನಿನಲ್ಲೇ ದೃಢಪಡಿಸಿಕೊಳ್ಳುವ (ಇ-ಕೆವೈಸಿ) ಬ್ಯಾಂಕಿನಂಥ ಸಂಸ್ಥೆಗಳು ಆ್ಯಪ್, ತಾಣಗಳನ್ನು ರೂಪಿಸುವಾಗ ಬಳಕೆದಾರ ಪರೀಕ್ಷೆಯ ಹಂತದಲ್ಲಿ ಅಂಧರನ್ನು ಸೇರಿಸಿಕೊಳ್ಳಬೇಕೆಂದೂ ನಿರ್ದೇಶಿಸಿತು. ಬ್ಯಾಂಕುಗಳಿಗೆ ಕಡ್ಡಾಯವಾದದ್ದು ಸರ್ಕಾರಕ್ಕೆ ಐಚ್ಛಿಕವಾಗಬಾರದು.

ಆದ್ದರಿಂದ ಟೆಂಡರ್ ಷರತ್ತಿನಲ್ಲೇ ಈ ಪರೀಕ್ಷೆಯನ್ನು ಸೇರಿಸಿ. ಕಂಡ ದೋಷಗಳು ಸರಿಯಾಗುವವರೆಗೆ ಕೊನೆಯ ಕಂತಿನ ಬಿಲ್ ಪಾಸು ಮಾಡಬೇಡಿ. ಅಂಧರ ಜೊತೆಗೆ ಮಂದದೃಷ್ಟಿಯವರು, ಕೈ ಸ್ವಾಧೀನವಿಲ್ಲದವರು, ಕಿವುಡರು, ಕಲಿಕಾ ನ್ಯೂನತೆ ಇರುವವರನ್ನೂ ಕರೆಯಿರಿ. ಬೆಂಗಳೂರಿನ ಲ್ಯಾಪ್‌ಟಾಪಿನಷ್ಟೇ ತಾಲ್ಲೂಕಿನ ಅಗ್ಗದ ಆ್ಯಂಡ್ರಾಯ್ಡ್ ಫೋನಿನಲ್ಲೂ ಪರೀಕ್ಷೆ ನಡೆಯಲಿ. ಬಂದವರಿಗೆ ಶಾಲು-ಹಾರದ ಬದಲು ಸಲಹೆಗಾರರಿಗೆ ಸಲ್ಲುವ ಸಂಭಾವನೆ, ಪ್ರಯಾಣದ ಖರ್ಚು ಕೊಡಿ. ಅವರು ಕೊಡುವುದು ಪರಿಣತಿ. ಕಂಡ ದೋಷ, ತಿದ್ದಿದ ದಿನಾಂಕ ಎರಡನ್ನೂ ಆಯಾ ತಾಣದಲ್ಲೇ ಪ್ರಕಟಿಸಿ.

ಎಲ್ಲವನ್ನೂ ಒಮ್ಮೆಲೇ ಮಾಡಬೇಕಿಲ್ಲ. ವಿದ್ಯಾರ್ಥಿವೇತನದ ಅರ್ಜಿಯಿಂದ ಶುರು ಮಾಡಿ, ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುಂಚೆ ಮುಗಿಸಿ. ಈಗ ಕಣ್ಣಿಲ್ಲದ ಮಗಳು ತನ್ನ ಪಾಸ್‌ವರ್ಡ್, ಆಧಾರ್ ಸಂಖ್ಯೆ, ಬರುವ ಒಟಿಪಿ ಎಲ್ಲವನ್ನೂ ಸೈಬರ್ ಸೆಂಟರಿನ ಅಪರಿಚಿತನಿಗೆ ಹೇಳಿ ಅರ್ಜಿ ಹಾಕಿಸಬೇಕಾಗಿದೆ. ಅದನ್ನು ತಪ್ಪಿಸುವ ಅಧಿಕಾರ ತಮಗಿದೆ. ದಯವಿಟ್ಟು ಆದೇಶ ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬಳಕೆದಾರ ಸಂಶೋಧಕಿ