ಪಾಳೇಗಾರ ಅಂದ್ರೆ ಬೈಗುಳಾನಾ ಸ್ವಾಮಿ?

ಮತ್ತೆ ಪೇಪರಿನಲ್ಲಿ ನೋಡಿದೆ. ಒಬ್ಬ ರಾಜಕಾರಣಿ ಇನ್ನೊಬ್ಬರ ಮೇಲೆ ಹರಿಹಾಯ್ದು "ಈ ಪಾಳೇಗಾರಿಕೆ ಎಲ್ಲ ಇಲ್ಲಿ ನಡೆಯಲ್ಲ" ಅಂದಿದ್ದಾರೆ. ರೌಡಿಗೂ ಪಾಳೇಗಾರ, ಮರಳು ದಂಧೆಯವನಿಗೂ ಪಾಳೇಗಾರ, ಮಗನನ್ನು ಚುನಾವಣೆಗೆ ನಿಲ್ಲಿಸಿದ ಅಪ್ಪನಿಗೂ ಪಾಳೇಗಾರ. ನಮ್ಮ ವಿಮರ್ಶಕರಂತೂ ಇಂಗ್ಲಿಷಿನ ಫ್ಯೂಡಲ್ ಅನ್ನೋ ಪದಕ್ಕೆ ಇದನ್ನೇ ಅಂಟಿಸಿ ಕೈ ತೊಳೆದುಕೊಂಡಿದ್ದಾರೆ. ಪಾಳೆಯ ಅಂದ್ರೆ ದಂಡು ಬೀಡುಬಿಟ್ಟ ಜಾಗ, ಅದನ್ನು ನೋಡಿಕೊಳ್ಳುವವನು ಪಾಳೆಯಗಾರ. ಇಷ್ಟೇ ಅರ್ಥ. ಇದು ಬೈಗುಳ ಆಗಿದ್ದು ಯಾವಾಗ?

ಇದು ನನ್ನನ್ನು ಯಾಕೆ ಇಷ್ಟು ಕಾಡುತ್ತೆ ಅಂದ್ರೆ, ಒಂದು ಸಲ ನನಗೆ ನನ್ನ ಮೇಲೇ ನಾಚಿಕೆಯಾಗಿತ್ತು. ನಮ್ಮ ಪ್ರಾಜೆಕ್ಟಿನಲ್ಲಿ ಒಬ್ಬ ಜರ್ಮನ್ ಇದ್ದ, ಕೋಬರ್ಗ್ ಅನ್ನೋ ಊರಿನವನು. ಊಟಕ್ಕೆ ಕೂತಾಗ ತನ್ನೂರಿನ ಕಥೆ ಶುರು ಮಾಡಿದ. ನಮ್ಮದೊಂದು ಜಿಲ್ಲೆಯಷ್ಟೂ ಇಲ್ಲದ ಸಂಸ್ಥಾನ ಅದು. ಆ ಮನೆತನದ ಲಿಯೋಪೋಲ್ಡ್ 1831ರಲ್ಲಿ ಬೆಲ್ಜಿಯಂಗೆ ರಾಜನಾದ. ಆಲ್ಬರ್ಟ್ 1840ರಲ್ಲಿ ವಿಕ್ಟೋರಿಯಾ ರಾಣಿಯನ್ನು ಮದುವೆಯಾದ. ಇನ್ನೊಬ್ಬ 1887ರಲ್ಲಿ ಬಲ್ಗೇರಿಯಾಕ್ಕೆ ಹೋಗಿ ಕೂತ. ಕೊನೆಗೆ ರಾಜರ ಕಾಲ ಮುಗಿದ ಮೇಲೆ 1919ರಲ್ಲಿ ಜನ ವೋಟು ಹಾಕಿ, 1920ರಲ್ಲಿ ಬವೇರಿಯಾಕ್ಕೆ ಸೇರಿಕೊಂಡರಂತೆ. ಎಲ್ಲ ಇಸವಿ ಸಮೇತ ಹೇಳಿ, "ನಿಮ್ಮೂರಲ್ಲಿ ಏನಿದೆ?" ಅಂತ ಕೇಳಿದ.

ಹರಿಹರದಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾನು ಏನು ಹೇಳಿದೆ ಗೊತ್ತಾ? "ಬೆಣ್ಣೆ ದೋಸೆ." :)

ನಗಬೇಡಿ. ನೀವೂ ಅದನ್ನೇ ಹೇಳ್ತಿದ್ರಿ.

ಆಮೇಲೆ ಹಳೇ ಗೆಜೆಟಿಯರು, ಇತಿಹಾಸದ ಪುಸ್ತಕ ಹಿಡಿದು ಕೂತೆ. ನಮಗೂ ಒಂದು ಕೋಬರ್ಗ್ ಇದೆ ಕಣ್ರೀ! ಒಂದೇ ಮನೆತನ, ಮೂರು ರಾಜಧಾನಿ: ಬಸವಾಪಟ್ಟಣ, ಸಂತೇಬೆನ್ನೂರು, ಕೊನೆಗೆ ತರೀಕೆರೆ. ಮೊದಲೆರಡೂ ಇವತ್ತಿಗೆ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿವೆ. ನಮ್ಮ ಹರಿಹರದ ಕೋಟೆ ಕಟ್ಟಿಸಿದ್ದೂ ಇದೇ ಮನೆತನ ಅನ್ನುತ್ತೆ ಗೆಜೆಟಿಯರು. ಹರಿಹರೇಶ್ವರ ಗುಡಿ 1224ರ ಹೊತ್ತಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು ಅಂತ ಎಲ್ಲರೂ ಹೇಳ್ತಾರೆ. ಅದರಾಚೆಗಿನದು? 1565ರಲ್ಲಿ ವಿಜಯನಗರ ಬಿದ್ದ ಮೇಲೆ ಹರಿಹರ ಈ ನಾಯಕರ ಕೈಗೆ, ಅವರಿಂದ ಸವಣೂರು ನವಾಬರ ಕೈಗೆ, ಅಲ್ಲಿಂದ ಒಂದು ಲಕ್ಷ ರೂಪಾಯಿಗೆ ಬಿದನೂರಿನವರ ಕೈಗೆ, ಆಮೇಲೆ ಮರಾಠರಿಗೆ, 1763ರಲ್ಲಿ ಹೈದರಾಲಿಗೆ. ಸುಮಾರು ಇನ್ನೂರು ವರ್ಷದಲ್ಲಿ ಐದು ಧಣಿಗಳು! ನಾನು ದಿನಾ ಬಸ್ ಹಿಡಿಯುತ್ತಿದ್ದ ಊರು ಇದು. ಶಾಲೆಯಲ್ಲಿ ಒಬ್ಬ ಮೇಷ್ಟ್ರೂ ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ದಾವಣಗೆರೆ ಕಥೆಯೂ ಅಷ್ಟೇ. ಮೊದಲು ಪಕ್ಕದ ಬೇತೂರೇ ದೊಡ್ಡ ಊರು, ದಾವಣಗೆರೆ ಅದರ ಒಂದು ಕೇರಿ. ಹೈದರಾಲಿ ಇದನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಆತ ವ್ಯಾಪಾರಿಗಳನ್ನು ಕರೆದು ಕೂರಿಸಿದ. ಊರು ಬೆಳೀತು. "ದಾವಣಗೆರೆಗೆ ಇತಿಹಾಸ ಇಲ್ಲ, ಬರೀ ವ್ಯಾಪಾರ" ಅನ್ನೋರಿಗೆ ಹೇಳ್ತೀನಿ: ಆ ವ್ಯಾಪಾರವೇ ಇತಿಹಾಸ.

ಇನ್ನು ಮಾಯಕೊಂಡ. ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಸ್ಟೇಷನ್ ಹೆಸರು ಓದಿರ್ತೀರಿ. 1748ರಲ್ಲಿ ಅಲ್ಲಿ ಚಿತ್ರದುರ್ಗದ ನಾಯಕರಿಗೂ ಹರಪನಹಳ್ಳಿ, ಬಿದನೂರಿನವರಿಗೂ ಭಾರೀ ಯುದ್ಧ ಆಯ್ತು. ದುರ್ಗದ ಮದಕರಿ ನಾಯಕ (1779ರಲ್ಲಿ ಕೋಟೆ ಕಳೆದುಕೊಂಡವನಲ್ಲ, ಅವನಿಗಿಂತ ಹಿಂದಿನವನು) ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಲಿ ಸತ್ತ. ದುರ್ಗದ ಪರ ಬಂದಿದ್ದ ಚಂದಾಸಾಹೇಬ್ ಸೆರೆ ಸಿಕ್ಕ. ಹೌದು, ಹೈಸ್ಕೂಲಿನಲ್ಲಿ ಕರ್ನಾಟಿಕ್ ಯುದ್ಧಗಳು ಅಂತ ಉರು ಹೊಡೆದೆವಲ್ಲ, ಅದೇ ಚಂದಾಸಾಹೇಬ್! 1751ರ ಆರ್ಕಾಟ್ ಮುತ್ತಿಗೆಗೆ ಮಾರ್ಕ್ಸ್ ಇದೆ, ಮನೆ ಪಕ್ಕದ ಮಾಯಕೊಂಡಕ್ಕಿಲ್ಲ. ಯಾಕೆ? ಆರ್ಕಾಟಿನಲ್ಲಿ ಕ್ಲೈವ್ ಇದ್ದ, ಮಾಯಕೊಂಡದಲ್ಲಿ ಇರಲಿಲ್ಲ. ನನಗೆ ಕಾಣೋದು ಇದೊಂದೇ ಕಾರಣ.

ನೀವು ಕೇಳ್ತೀರಿ, ಇವರೇನು ದೊಡ್ಡ ಸಾಧು ಸಂತರಾ ಅಂತ. ಖಂಡಿತ ಅಲ್ಲ. ಲೂಟಿ ಮಾಡಿದ್ದಾರೆ, ಮಾತಿಗೆ ತಪ್ಪಿದ್ದಾರೆ. 1637ರಲ್ಲಿ ಬಿಜಾಪುರದ ರಣದುಲ್ಲಾಖಾನ್ ಇಕ್ಕೇರಿಯ ಮೇಲೆ ಬಂದಾಗ ಅವನ ಜೊತೆ ಕೈಜೋಡಿಸಿದ್ದು ಇದೇ ಬಸವಾಪಟ್ಟಣದ ಕೆಂಗ ನಾಯಕ. ಆಮೇಲೆ ಅದೇ ಬಿಜಾಪುರದ ವಿರುದ್ಧ ತಿರುಗಿಬಿದ್ದು ಬಸವಾಪಟ್ಟಣವನ್ನೇ ಕಳೆದುಕೊಂಡ. ಸಂತೇಬೆನ್ನೂರಿಗೆ ಹೋದರೆ ಎರಡೂ ಒಟ್ಟಿಗೆ ಕಾಣುತ್ತೆ. ನಾಯಕರ ಪುಷ್ಕರಣಿ, ನಡುನೀರಲ್ಲಿ ಮಂಟಪ, ದಂಡೆಯ ಮೇಲೆ ಮುಸಾಫಿರಖಾನೆ. ಅದನ್ನು ನೋಡಿ ಒಬ್ಬ "ಹಿಂದೂ ವೀರ" ಅಂತಾನೆ, ಇನ್ನೊಬ್ಬ "ಸೌಹಾರ್ದದ ಸಂಕೇತ" ಅಂತಾನೆ. ಇಬ್ಬರೂ ಅರ್ಧ ಪುಟ ಓದಿದವರೇ. ಆ ನಾಯಕ ಲೆಕ್ಕ ಹಾಕಿದ್ದು ತನ್ನ ಪಾಳ್ಯ ಉಳಿಯುತ್ತಾ ಇಲ್ವಾ ಅಂತ. ಜರ್ಮನಿಯ ಪುಟ್ಟ ಪುಟ್ಟ ರಾಜರು ಮಾಡಿದ್ದೂ ಅದನ್ನೇ ತಾನೆ? ಅವರು ಮಾಡಿದರೆ ಡಿಪ್ಲೊಮಸಿ, ನಮ್ಮವರು ಮಾಡಿದರೆ ಪಾಳೇಗಾರಿಕೆ!

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕಟ್ಟಲ್ಲ ಅಂದರು. ಆಗ ಶರತ್ತು ಅನ್ನೋ ಪದ್ಧತಿ ಇತ್ತು. ಇಂತಿಷ್ಟು ದುಡ್ಡು ಎತ್ತೇ ಎತ್ತುತ್ತೀನಿ ಅಂತ ಅಮಲ್ದಾರ ಬರೆದುಕೊಡಬೇಕು, ಆಮೇಲೆ ರೈತನ ಚರ್ಮ ಸುಲಿಯಬೇಕು. ಕೆಳದಿ ಸಿಂಹಾಸನ ತನ್ನದು ಅಂತ ಬೂದಿ ಬಸವಪ್ಪ ಎದ್ದ. ತರೀಕೆರೆಯ ರಂಗಪ್ಪ ನಾಯಕ ಮೈಸೂರಿನಿಂದ ಓಡಿಬಂದು ದಂಗೆಗೆ ಸೇರಿದ. ಇದನ್ನೇ ನೆಪ ಮಾಡಿಕೊಂಡು ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಅದು ಮರಳಿ ಬಂದಿದ್ದು 1881ಕ್ಕೆ. ಐವತ್ತು ವರ್ಷ! ತರೀಕೆರೆ ಮನೆತನದ ಸರ್ಜಾ ಹನುಮಪ್ಪ ನಾಯಕನನ್ನು 1834ರಲ್ಲಿ ಗಲ್ಲಿಗೇರಿಸಿದರು. 1857ಕ್ಕೆ ಇನ್ನೂ 23 ವರ್ಷ ಬಾಕಿ ಇತ್ತು.

ಕೋಬರ್ಗಿನ ಲಿಯೋಪೋಲ್ಡ್ ಸಿಂಹಾಸನ ಏರಿದ ವರ್ಷವೇ ನಮ್ಮ ಮನೆತನ ಕಾಡು ಸೇರಿತ್ತು ನೋಡಿ. ಅವರದು ಕ್ವಿಜ್ ಪ್ರಶ್ನೆಯಾಯ್ತು, ನಮ್ಮದು ಬೈಗುಳವಾಯ್ತು.

ನಾನೀಗ ಹನುಮಪ್ಪ ನಾಯಕ ಸ್ವಾತಂತ್ರ್ಯ ಹೋರಾಟಗಾರ, ಸರ್ಕಲ್ಲಿಗೆ ಪ್ರತಿಮೆ ಹಾಕಿ, ಜಯಂತಿ ಮಾಡಿ, ರಜೆ ಕೊಡಿ ಅಂತಿಲ್ಲ. ಆ ವ್ಯಾಪಾರವೂ ಬೇಡ. ಕಳೆದುಹೋದ ಪಾಳ್ಯ ವಾಪಸ್ ಪಡೆಯೋ ಆಸೆ ಅವರಿಗೆ ಇದ್ದೇ ಇತ್ತು. ಆದರೆ ಅವರ ಆಸೆಯೂ ರೈತರ ಸಿಟ್ಟೂ ಒಂದೇ ದಾರಿಯಲ್ಲಿ ಸಿಕ್ಕಿದವು ಅನ್ನೋದು ನಿಜ ತಾನೆ? ಬೈಯೋರಿಗೂ ಹೊಗಳೋರಿಗೂ ಈ ಒಂದು ಸಾಲು ಬೇಡವಾಗಿದೆ. ಬೈಯೋರಿಗೆ ಒಂದು ಪದ ಸಾಕು, ಹೊಗಳೋರಿಗೆ ಒಂದು ಪ್ರತಿಮೆ ಸಾಕು. ಓದುವ ಕಷ್ಟ ಇಬ್ಬರಿಗೂ ಇಲ್ಲ.

ಇದರ ಜೊತೆಗೆ ಜಿಲ್ಲೆಗಳ ಗಡಿ ಬೇರೆ. ಸಂತೇಬೆನ್ನೂರು ಶಿವಮೊಗ್ಗದಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಬಂತು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ವಾಪಸ್ ಹೋಗಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ತರೀಕೆರೆ ಚಿಕ್ಕಮಗಳೂರಿನಲ್ಲಿ. ಒಂದೇ ಕಥೆ ಮೂರು ಜಿಲ್ಲೆಗೆ ಹರಿದು ಹಂಚಿಹೋಗಿದೆ, ಯಾರೂ ನಮ್ಮದು ಅನ್ನಲ್ಲ.

ಅದಕ್ಕೇ ಬ್ಲಾಗ್ ಬರೆಯೋ ಗೆಳೆಯರೇ, ನಿಮ್ಮಲ್ಲೊಂದು ಕೇಳಿಕೆ. ಮುಂದಿನ ಸಲ ಯಾರಿಗಾದರೂ ಬೈಯಬೇಕಾದರೆ ಗೂಂಡಾ ಅನ್ನಿ, ದರ್ಪ ಅನ್ನಿ, ಸರ್ವಾಧಿಕಾರಿ ಅನ್ನಿ. ಕನ್ನಡದಲ್ಲಿ ಬೈಗುಳಕ್ಕೇನು ಬರವೇ? ಪಾಳೇಗಾರ ಅನ್ನೋ ಪದವನ್ನು ಅದರ ಇತಿಹಾಸಕ್ಕೆ ಬಿಟ್ಟುಕೊಡಿ. ನಿಮ್ಮ ಊರಿನ ಪಕ್ಕವೂ ಒಂದು ಹಾಳು ಕೋಟೆ, ಒಂದು ಹೊಂಡ ಇದ್ದೇ ಇರುತ್ತೆ. ಯಾರು ಕಟ್ಟಿಸಿದ್ದು, ಯಾರಿಂದ ಯಾರಿಗೆ ಹೋಯ್ತು, ಹುಡುಕಿ ಬರೆಯಿರಿ. ಒಳ್ಳೇದನ್ನೂ ಬರೆಯಿರಿ, ಕೆಟ್ಟದ್ದನ್ನೂ ಬರೆಯಿರಿ.

ಆ ಜರ್ಮನ್ ಮಾರಾಯ ಪ್ರಾಜೆಕ್ಟ್ ಬಿಟ್ಟು ಹೋಗಿ ಬಹಳ ದಿನ ಆಯ್ತು. ಇನ್ನೊಮ್ಮೆ ಸಿಕ್ಕರೆ ಉತ್ತರ ರೆಡಿ ಇದೆ. ಬೆಣ್ಣೆ ದೋಸೆಯನ್ನೂ ತಿನ್ನಿಸ್ತೀನಿ, ಆದರೆ ಸಂತೇಬೆನ್ನೂರು ತೋರಿಸಿದ ಮೇಲೆ.

ಏನಂತೀರಿ? ಒಪ್ಪಿಗೆ ಇಲ್ಲದಿದ್ದರೆ ಬೈಯಿರಿ. ಪಾಳೇಗಾರ ಅಂತ ಮಾತ್ರ ಬೈಬೇಡಿ, ನನಗೆ ಖುಷಿಯಾಗಿಬಿಡುತ್ತೆ :)